ಸಾಲ ತೀರಿಸುವವರ ಕೈಗೂ ಕೆಲಸ ಕೊಡಿ: ಅಭಿವೃದ್ಧಿ ಬ್ಯಾಂಕುಗಳಿಗೆ, ಯೋಜನಾ ಕಚೇರಿಗಳಿಗೆ ಒಂದು ಬಹಿರಂಗ ಪತ್ರ

ವಿಶ್ವಬ್ಯಾಂಕಿನಂಥ ಅಭಿವೃದ್ಧಿ ಬ್ಯಾಂಕುಗಳಲ್ಲಿ ಖರೀದಿ ಫೈಲು ನೋಡುವ ಅಧಿಕಾರಿಗಳೇ, ಆ ಸಾಲದ ಹಣದಲ್ಲಿ ಯೋಜನೆ ನಡೆಸುವ ಸರ್ಕಾರಿ ಕಚೇರಿಗಳ ಎಂಜಿನಿಯರುಗಳೇ, ಬಿಲ್ ಪಾಸು ಮಾಡುವ ಲೆಕ್ಕಪತ್ರ ಶಾಖೆಯವರೇ,

ನಮಸ್ಕಾರ.

ನಾನು ಪಂಪುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಕೆಲಸದಲ್ಲಿ ಬಹಳ ವರ್ಷದಿಂದ ಇರುವವನು. ಕುಡಿಯುವ ನೀರು, ಒಳಚರಂಡಿ, ಏತ ನೀರಾವರಿ, ಎಲ್ಲೆಲ್ಲಿ ದೊಡ್ಡ ಮೋಟಾರ್ ಓಡುತ್ತದೋ ಅಲ್ಲೆಲ್ಲ ನಮ್ಮಂಥವರು ಮಾಡಿದ ತಗಡಿನ ಪೆಟ್ಟಿಗೆಯೊಂದು ನಿಂತಿರುತ್ತದೆ. ಒಳಗೆ ಬ್ರೇಕರ್, ಕಾಂಟ್ಯಾಕ್ಟರ್, ರಿಲೇ, ನಂಬರ್ ಹಾಕಿದ ವೈರುಗಳು. ಇಂಥ ಯೋಜನೆಗಳಿಗೆ ಹಣ ಅನೇಕ ಸಲ ಅಂತರರಾಷ್ಟ್ರೀಯ ಸಾಲದಿಂದ ಬರುತ್ತದೆ. ಹೆಸರಿಗೆ ಅಭಿವೃದ್ಧಿ ನೆರವು ಅಂದರೂ ಸಾಲ ಸಾಲವೇ. ವರ್ಷಗಟ್ಟಲೆ ಕಂತು ಕಟ್ಟುವವರು ಆ ದೇಶದ ಜನ. ಅದೇ ಜನರ ನಡುವೆ ಆ ಪೆಟ್ಟಿಗೆಯನ್ನು ಚೆನ್ನಾಗಿ ಮಾಡಬಲ್ಲವರು ಇದ್ದಾರೆ, ಆದರೆ ಟೆಂಡರ್ ಬರೆದ ರೀತಿಯಿಂದಲೇ ಅವರು ಬಾಗಿಲ ಹೊರಗೆ ಉಳಿದುಬಿಡುತ್ತಾರೆ. ಬೇಜಾರಾಗಿದೆ ಅಂತ ಸುಮ್ನೆ ಹೇಳಿಕೊಂಡು ಪ್ರಯೋಜನವಿಲ್ಲ. ಯಾವ ಪುಟದಲ್ಲಿ ಏನು ತಿದ್ದಬಹುದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ, ಓದಿ.

ಮೊದಲು ನಮ್ಮದೇ ಒಂದು ಸೋಲು. ಸಾಲದ ಹಣದ ಒಂದು ಟೆಂಡರಿಗೆ ನಾವು ಬಿಡ್ ಹಾಕಿದ್ದೆವು. ಮೂರು ವಾರ ರಾತ್ರಿ ಕೂತು ಡ್ರಾಯಿಂಗ್ ಮಾಡಿದ್ದೆವು, ಒಂದೊಂದು ಬ್ರೇಕರಿನ ಕ್ಯಾಟಲಾಗ್ ಪುಟಕ್ಕೂ ಸೀಲು ಸಹಿ ಹಾಕಿದ್ದೆವು. ಕವರ್ ತೆರೆದ ದಿನ ನಾನೂ ಆ ಕೋಣೆಯಲ್ಲಿ ಕೂತಿದ್ದೆ. ಬೆಲೆ ಓದಿದರು, ನಮ್ಮದೇ ಕಡಿಮೆ ಇತ್ತು. ಪಕ್ಕದಲ್ಲಿದ್ದ ನಮ್ಮ ಫೋರ್‌ಮನ್ ನನ್ನ ಮೊಣಕೈ ಹಿಡಿದುಕೊಂಡ. ಕೆಲವು ವಾರದ ನಂತರ ಕಾಗದ ಬಂತು, ನಿಮ್ಮ ಬಿಡ್ ತಿರಸ್ಕೃತವಾಗಿದೆ ಅಂತ. ಕಾರಣ ಬ್ಯಾಂಕ್ ಗ್ಯಾರಂಟಿ, ಅಂದರೆ ಬಿಡ್ ಜೊತೆ ಭದ್ರತೆಗೆ ಇಡುವ ಬ್ಯಾಂಕಿನ ಖಾತರಿ ಪತ್ರ. ಬಿಡ್ ಅವಧಿ ಮುಗಿದ ಮೇಲೆ ಇನ್ನೂ 28 ದಿನ ಅದು ಚಾಲ್ತಿಯಲ್ಲಿರಬೇಕಿತ್ತು. ನಮ್ಮದು ಬಿಡ್ ಅವಧಿ ಮುಗಿಯುವ ದಿನಕ್ಕೇ ಮುಗಿಯುತ್ತಿತ್ತು.

ಆ ಕಚೇರಿ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ನಿಯಮ ಮೊದಲೇ ಬರೆದಿತ್ತು, ಎಲ್ಲರಿಗೂ ಒಂದೇ ಇತ್ತು. ಆದರೆ ಒಂದು ವಿಷಯ ಯೋಚಿಸಿ. ದೊಡ್ಡ ವಿದೇಶಿ ಕಂಪನಿಯಲ್ಲಿ ಟೆಂಡರ್ ಕಾಗದ ನೋಡುವುದಕ್ಕೇ ಒಂದು ವಿಭಾಗ ಇರುತ್ತದೆ, ಅವರು ವರ್ಷವಿಡೀ ಹತ್ತಾರು ದೇಶಗಳಲ್ಲಿ ಇದೇ ನಮೂನೆ ತುಂಬುತ್ತಾರೆ. ನಮ್ಮಲ್ಲಿ ವೈರಿಂಗ್ ನೋಡುವವನೇ ಸಂಜೆ ಮೇಲೆ ಟೆಂಡರೂ ನೋಡಬೇಕು. ಪ್ಯಾನೆಲ್ ಮಾಡುವ ಕೆಲಸದಲ್ಲಿ ನಾವು ಸೋಲಲಿಲ್ಲ, ತಾರೀಕು ಎಣಿಸುವುದರಲ್ಲಿ ಸೋತೆವು. ಇದಕ್ಕೆ ದಾರಿ ನಿಮ್ಮ ಪುಸ್ತಕದಲ್ಲೇ ಇದೆ. ವಿಶ್ವಬ್ಯಾಂಕಿನ ಟೆಂಡರ್ ನಮೂನೆಗಳಲ್ಲಿ ಗ್ಯಾರಂಟಿಯ ಬದಲು ಬರೀ ಒಂದು ಘೋಷಣೆ ಪತ್ರ ತೆಗೆದುಕೊಳ್ಳುವುದಕ್ಕೆ ಅವಕಾಶ ಇದೆ. ಬಿಡ್ ಹಾಕಿ ಹಿಂದೆ ಸರಿದರೆ ಇಷ್ಟು ಕಾಲ ಮುಂದಿನ ಟೆಂಡರುಗಳಿಗೆ ಅನರ್ಹ, ಅಷ್ಟೇ ಅದರ ಅರ್ಥ. ಹಣ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಸಣ್ಣ ಪ್ಯಾಕೇಜುಗಳಿಗಾದರೂ ಇದನ್ನು ಬಳಸಿ. ಬಿಡ್ ಹಾಕುವ ಮೊದಲು ನಡೆಯುವ ಪ್ರೀ-ಬಿಡ್ ಸಭೆಯಲ್ಲಿ ಅರ್ಧ ಗಂಟೆ ಜಾಸ್ತಿ ಕೂತು, ಗ್ಯಾರಂಟಿ ಹೀಗಿರಬೇಕು, ಈ ತಾರೀಕಿನ ತನಕ ಇರಬೇಕು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿ.

ಇನ್ನು ನಿಯಮದ ವಿಷಯ. ಅನೇಕ ಕಚೇರಿಗಳಲ್ಲಿ ಒಂದು ಮಾತು ಕೇಳಿದ್ದೇನೆ, "ಇದು ಹೊರಗಿನ ಸಾಲ, ಇಲ್ಲಿಯವರಿಂದ ತಗೊಳ್ಳೋಕೆ ಆಗಲ್ಲ" ಅಂತ. ಅದು ನಿಜ ಅಲ್ಲ. ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ವಿಶ್ವಬ್ಯಾಂಕಿನ ಒಪ್ಪಂದ ಬರೆದಾಗ ಸಾಲದ ಮುಖ್ಯ ಉದ್ದೇಶ ವಿದೇಶಿ ವಿನಿಮಯ ಒದಗಿಸುವುದು. ಹೊರಗಿನಿಂದ ತರಿಸುವ ಯಂತ್ರಕ್ಕೆ ಡಾಲರ್ ಬೇಕು, ಅದನ್ನು ಬ್ಯಾಂಕ್ ಕೊಡುತ್ತದೆ, ಒಳಗಿನ ಖರ್ಚನ್ನು ದೇಶ ತಾನೇ ನೋಡಿಕೊಳ್ಳಬೇಕು ಅನ್ನುವ ಲೆಕ್ಕ. ಒಳಗಿನ ಖರ್ಚಿಗೆ ಸಾಲ ಕೊಡುವುದು ವಿಶೇಷ ಸಂದರ್ಭದಲ್ಲಿ ಮಾತ್ರ. ದಶಕಗಳ ಕಾಲ ಆ ಲೆಕ್ಕವೇ ನಡೆಯಿತು. 2004ರಲ್ಲಿ ವಿಶ್ವಬ್ಯಾಂಕ್ ಆ ಕಟ್ಟುಪಾಡನ್ನು ಸಡಿಲಿಸಿತು. ಈಗ ಖರ್ಚು ಯೋಜನೆಗೆ ಬೇಕಾದದ್ದೇ, ಹಣ ಸರಿಯಾಗಿ ಬಳಕೆಯಾಗುತ್ತಿದೆಯೇ ಅನ್ನುವುದು ಮುಖ್ಯ. ಸಾಮಾನು ಗಡಿ ದಾಟಿ ಬಂದಿದೆಯೇ ಅನ್ನುವುದಲ್ಲ. ಆದರೆ ಹಳೆಯ ಅಭ್ಯಾಸ ಹಳೆಯ ಫೈಲುಗಳಲ್ಲಿ ಉಳಿದುಬಿಟ್ಟಿದೆ, ಹೊಸಬರು ಆ ಫೈಲನ್ನೇ ಕಾಪಿ ಮಾಡುತ್ತಾರೆ.

ಅದೇ 1944ರ ಒಪ್ಪಂದದಲ್ಲಿ ನನಗೆ ತುಂಬ ಇಷ್ಟವಾದ ಒಂದು ಷರತ್ತು ಇದೆ. ಸಾಲದ ಹಣವನ್ನು ಇಂಥದ್ದೇ ದೇಶದಲ್ಲಿ ಖರ್ಚು ಮಾಡಬೇಕು ಅಂತ ಬ್ಯಾಂಕ್ ಒತ್ತಾಯಿಸಬಾರದು. ಸಾಲ ಕೊಡುವವರೆಲ್ಲ ಹೀಗಿಲ್ಲ. ಚೀನಾದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕಿನ ರಿಯಾಯಿತಿ ಸಾಲದಲ್ಲಿ ಸಾಮಾನ್ಯವಾಗಿ ಅರ್ಧದಷ್ಟಾದರೂ ಸಾಮಾನು ಚೀನಾದಿಂದ ಬರಬೇಕು. ಭಾರತ ಬೇರೆ ದೇಶಗಳಿಗೆ ಎಕ್ಸಿಮ್ ಬ್ಯಾಂಕ್ ಮೂಲಕ ಕೊಡುವ ಸಾಲದಲ್ಲೂ ಸಾಮಾನ್ಯವಾಗಿ ಶೇ 75ರಷ್ಟು ಭಾರತದಿಂದಲೇ ಹೋಗಬೇಕು. ಹೀಗೆ ಕಟ್ಟಿಹಾಕಿದ ನೆರವಿನಲ್ಲಿ ಖರ್ಚು ಶೇ 15ರಿಂದ 30ರವರೆಗೆ ಜಾಸ್ತಿ ಬೀಳುತ್ತದೆ ಅನ್ನುವ ಅಂದಾಜು ಬಹಳ ಕಾಲದಿಂದ ಇದೆ. ಅದಕ್ಕೇ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2001ರಲ್ಲಿ, ಅತಿ ಹಿಂದುಳಿದ ದೇಶಗಳಿಗೆ ಕೊಡುವ ನೆರವನ್ನು ಹೀಗೆ ಕಟ್ಟಬೇಡಿ ಅಂತ ಸದಸ್ಯರಿಗೆ ಶಿಫಾರಸು ಮಾಡಿತು. ಕಟ್ಟು ಬಿಚ್ಚಿದ ಮೇಲೆ ಆ ಹಣ ಎಲ್ಲಿಗೆ ಬೇಕಾದರೂ ಹೋಗಬಹುದು. ಅಂದ ಮೇಲೆ ಸಾಲ ಪಡೆದ ದೇಶದೊಳಗಿನ ಕಾರ್ಖಾನೆಗೂ ಹೋಗಬಹುದು, ಅಲ್ವಾ?

ಹೋಗಬಹುದು ಅಷ್ಟೇ ಅಲ್ಲ, ಸ್ವಲ್ಪ ಆದ್ಯತೆಯನ್ನೂ ಕೊಡಬಹುದು. ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಟೆಂಡರುಗಳಲ್ಲಿ ದೇಶೀಯ ಆದ್ಯತೆ ಅಂತ ಒಂದು ಏರ್ಪಾಡು ಇದೆ. ಬಿಡ್‌ಗಳನ್ನು ಮೂರು ಗುಂಪು ಮಾಡುತ್ತಾರೆ. ಎ ಗುಂಪು ಅಂದರೆ ಸಾಲ ಪಡೆದ ದೇಶದಲ್ಲೇ ತಯಾರಾದದ್ದು, ಕಾರ್ಖಾನೆ ಬಾಗಿಲಿನ ಬೆಲೆಯಲ್ಲಿ ಶೇ 30ಕ್ಕಿಂತ ಜಾಸ್ತಿ ಸ್ಥಳೀಯ ದುಡಿಮೆ, ಕಚ್ಚಾ ವಸ್ತು, ಬಿಡಿಭಾಗ ಇರುವಂಥದ್ದು. ಬಿ ಗುಂಪು ಅಂದರೆ ಅಲ್ಲೇ ತಯಾರಾದ ಉಳಿದವು. ಸಿ ಗುಂಪು ಹೊರಗಿನಿಂದ ಬರುವವು. ಸಿ ಗುಂಪಿನ ಬಿಡ್ ಎಲ್ಲಕ್ಕಿಂತ ಕಡಿಮೆ ಇದ್ದರೆ, ಅದರ ಬೆಲೆಗೆ ಶೇ 15 ಸೇರಿಸಿ ಎ ಗುಂಪಿನ ಜೊತೆ ಇನ್ನೊಮ್ಮೆ ಹೋಲಿಸುತ್ತಾರೆ. ಹೊರಗಿನದು 100, ಒಳಗಿನದು 112 ಅಂದುಕೊಳ್ಳಿ. 100 ಈಗ 115 ಆಯಿತು, 112ರವರು ಗೆದ್ದರು. ಸಿವಿಲ್ ಕಾಮಗಾರಿಗೆ ಇದು ಶೇ 7.5.

ಇದು ವಿಶೇಷ ಉಪಕಾರ ಅಂತ ಯಾರಾದರೂ ಅಂದರೆ ಅವರಿಗೆ ಬೆಲೆ ಪಟ್ಟಿಯ ನಮೂನೆ ತೋರಿಸಿ. ಹೊರಗಿನ ಸಾಮಾನಿನ ಬೆಲೆ ಹೋಲಿಸುವಾಗ ಅದರ ಮೇಲಿನ ಆಮದು ಸುಂಕ ಲೆಕ್ಕಕ್ಕೆ ಬರುವುದಿಲ್ಲ. ಒಳಗಿನವನು ತನ್ನ ಪ್ಯಾನೆಲಿಗೆ ಹಾಕುವ ಬ್ರೇಕರ್, ರಿಲೇ ಆಮದು ಮಾಡಿಕೊಂಡಿದ್ದರೆ ಅದರ ಮೇಲೆ ಕಟ್ಟಿದ ಸುಂಕ ಅವನ ಬೆಲೆಯೊಳಗೇ ಕೂತಿರುತ್ತದೆ, ಅದನ್ನು ತೆಗೆಯುವುದಿಲ್ಲ. ಅಂದರೆ ಪೂರ್ತಿ ಪೆಟ್ಟಿಗೆ ಹೊರಗಿನಿಂದ ಬಂದರೆ ಸುಂಕವಿಲ್ಲದ ಲೆಕ್ಕ, ಅದರೊಳಗಿನ ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸುಂಕ ಸಮೇತ ಲೆಕ್ಕ. ಶೇ 15ರಲ್ಲಿ ಒಂದು ಪಾಲು ಈ ಅಂತರವನ್ನು ಸರಿದೂಗಿಸುವುದಕ್ಕೇ ಹೋಗುತ್ತದೆ.

ದುಃಖದ ವಿಷಯ ಏನಂದರೆ ಈ ಆದ್ಯತೆ ತಾನಾಗಿ ಬರುವುದಿಲ್ಲ. ಸಾಲ ಪಡೆದವರು ಕೇಳಬೇಕು, ಖರೀದಿ ಯೋಜನೆಯಲ್ಲಿ ಬರೆಯಬೇಕು, ಟೆಂಡರಿನಲ್ಲೂ ಬರೆಯಬೇಕು. ಒಂದು ಸಾಲಿನ ಕೆಲಸ. ಅನ್ವಯಿಸುತ್ತದೆ, ಅನ್ವಯಿಸುವುದಿಲ್ಲ ಅನ್ನುವ ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕು, ಅಷ್ಟೇ. ಆ ಸಾಲಿನಲ್ಲಿ ಹಿಂದಿನ ಫೈಲಿನ "ಅನ್ವಯಿಸುವುದಿಲ್ಲ" ಹಾಗೇ ಉಳಿದುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾಕೆ ಅಂತ ಕೇಳಿದರೆ ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆದರೂ ನನ್ನ ಪ್ರಕಾರ ಬೆಲೆಗಿಂತ ದೊಡ್ಡ ಸಮಸ್ಯೆ ಪಾವತಿ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾಮಗ್ರಿ ಖರೀದಿಯ ಮಾದರಿ ಕರಾರು ತೆಗೆದು ನೋಡಿ. ಹೊರಗಿನ ಸಪ್ಲೈಯರಿಗೆ ಶೇ 10 ಮುಂಗಡ, ಸಾಮಾನು ಹಡಗು ಹತ್ತಿದಾಗ ಶೇ 80, ಒಪ್ಪಿಕೊಂಡ ಮೇಲೆ ಶೇ 10. ಆ ಶೇ 80 ಬರುವುದು ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಮೂಲಕ, ಅಂದರೆ ಸರಿಯಾದ ಕಾಗದ ತೋರಿಸಿದರೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ. ಕಾಗದ ಸರಿ ಇದ್ದರೆ ಅವನ ಬ್ಯಾಂಕೇ ಹಣ ಕೊಟ್ಟುಬಿಡುತ್ತದೆ. ಆ ಎಲ್‌ಸಿಯ ಹಿಂದೆ ಅಭಿವೃದ್ಧಿ ಬ್ಯಾಂಕ್ ತಾನೇ ನಿಂತು ವಿಶೇಷ ಬದ್ಧತೆ ಅಂತ ಒಂದು ಖಾತರಿಯನ್ನೂ ಕೊಡಬಹುದು. ಸಾಲವೇ ನಡುವೆ ನಿಂತುಹೋದರೂ ಅವನ ಹಣಕ್ಕೆ ಮೋಸವಿಲ್ಲ. ಒಳಗಿನ ಸಪ್ಲೈಯರಿಗೂ ಕಾಗದದ ಮೇಲೆ ಅದೇ 10, 80, 10. ಆದರೆ ಅವನ ಶೇ 80 ಸಾಮಾನು ತಲುಪಿದ ಮೇಲೆ. ಅದಕ್ಕೆ ಎಲ್‌ಸಿ ಇಲ್ಲ, ಖಾತರಿ ಇಲ್ಲ. ಬಿಲ್ ಕೊಡಬೇಕು, ಸ್ಟೋರಿನವರು ರಿಜಿಸ್ಟರಿನಲ್ಲಿ ಬರೆಯಬೇಕು, ಎಂಜಿನಿಯರ್ ಸಹಿ ಹಾಕಬೇಕು, ಅವರು ರಜೆಯಲ್ಲಿದ್ದರೆ ಕಾಯಬೇಕು, ಆಮೇಲೆ ಫೈಲು ಲೆಕ್ಕ ಶಾಖೆಗೆ, ಅಲ್ಲಿ ಒಂದು ಪ್ರಶ್ನೆ ಬಂದರೆ ಮತ್ತೆ ಮೊದಲಿನಿಂದ.

ಪ್ಯಾನೆಲ್ ಮಾಡುವವನಿಗೆ ಇದರ ಅರ್ಥ ಏನು ಗೊತ್ತಾ? ಕರೆಂಟ್ ಹರಿಯುವ ತಾಮ್ರದ ಪಟ್ಟಿ, ಬಸ್‌ಬಾರ್, ನಗದು ಕೊಟ್ಟು ತಂದಿರುತ್ತಾನೆ. ಬ್ರೇಕರ್ ಕಂಪನಿ ಹಣ ಬಂದ ಮೇಲೆಯೇ ಸಾಮಾನು ಕಳಿಸುತ್ತದೆ. ಮುಂಗಡ ಬೇಕಾದರೆ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಅದಕ್ಕೆ ಬ್ಯಾಂಕಿನವರು ಮನೆ ಪತ್ರ ಕೇಳುತ್ತಾರೆ. ಬಿಲ್ಲಿನ ಹಣ ಬರುವ ತನಕ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ಏರುತ್ತಲೇ ಇರುತ್ತದೆ. ಹುಡುಗರಿಗೆ ಸಂಬಳ ತಿಂಗಳ ಮೊದಲ ವಾರ ಕೊಡಲೇಬೇಕು. ಪಾವತಿ ತಡವಾದರೆ ಬಡ್ಡಿ ಕೊಡಬೇಕು ಅಂತ ಕರಾರಿನಲ್ಲಿ ಇದೆ, ನಿಜ. ಆದರೆ ಮುಂದಿನ ಟೆಂಡರಿಗೂ ಅದೇ ಕಚೇರಿಗೆ ಹೋಗಬೇಕಾದವನು ಬಡ್ಡಿ ಕೇಳಿ ಪತ್ರ ಬರೆಯುವುದಿಲ್ಲ. ಹಾಗಾಗಿ ಬುದ್ಧಿವಂತ ಸಪ್ಲೈಯರ್ ಆ ಬಡ್ಡಿಯನ್ನು ಮೊದಲೇ ಬೆಲೆಗೆ ಸೇರಿಸುತ್ತಾನೆ. ಆಮೇಲೆ ಕಚೇರಿಯವರು ಹೇಳುತ್ತಾರೆ, ಸ್ಥಳೀಯರ ಬೆಲೆ ಜಾಸ್ತಿ ಅಂತ.

ಬ್ಯಾಂಕಿನ ಅಧಿಕಾರಿಗಳೇ, ನಿಮ್ಮಲ್ಲಿ ನೇರ ಪಾವತಿ ಅನ್ನುವ ವಿಧಾನ ಇದೆ. ಸರ್ಕಾರದ ಅರ್ಜಿ ಬಂದರೆ ನೀವೇ ಸಪ್ಲೈಯರಿನ ಖಾತೆಗೆ ಹಣ ಹಾಕಬಹುದು. ಅದಕ್ಕೆ ಇಟ್ಟಿರುವ ಕನಿಷ್ಠ ಮೊತ್ತವನ್ನು ಸಣ್ಣ ಗುತ್ತಿಗೆಗೂ ಎಟುಕುವಷ್ಟು ಇಳಿಸಿ. ಅದು ಕಷ್ಟ ಅಂದರೆ ಒಳಗಿನ ಎಲ್‌ಸಿ ತೆರೆಯುವ ಷರತ್ತನ್ನು ಮಾದರಿ ಕರಾರಿಗೆ ಸೇರಿಸಿ. ಹಡಗು ಹತ್ತಿದ ಸಾಮಾನಿಗೆ ಸಿಗುವ ಭರವಸೆ ಲಾರಿ ಹತ್ತಿದ ಸಾಮಾನಿಗೂ ಸಿಗಲಿ. ಯೋಜನೆಯ ಪ್ರಗತಿ ವರದಿಯಲ್ಲಿ ಎಷ್ಟು ಗುತ್ತಿಗೆ ಕೊಟ್ಟಿರಿ ಅಂತ ಕೇಳುವ ಜೊತೆಗೆ, ಬಿಲ್ ಕೊಟ್ಟ ದಿನದಿಂದ ಹಣ ಹೋದ ದಿನಕ್ಕೆ ಎಷ್ಟು ದಿನ ಆಯಿತು ಅಂತಲೂ ಒಂದು ಕಾಲಂ ಇಡಿ.

ಇನ್ನು ಯೋಜನಾ ಕಚೇರಿಗಳಿಗೆ. ಹದಿನೈದು ಪಂಪ್ ಸ್ಟೇಷನ್ ಇದ್ದರೆ ಹದಿನೈದನ್ನೂ ಸೇರಿಸಿ ಒಂದೇ ಪ್ಯಾಕೇಜ್ ಮಾಡುತ್ತೀರಿ. ಪಂಪು, ಮೋಟಾರು, ಪ್ಯಾನೆಲು, ಕೇಬಲ್, ಟ್ರಾನ್ಸ್‌ಫಾರ್ಮರ್ ಎಲ್ಲ ಒಟ್ಟಿಗೆ. ಅದಕ್ಕೆ ತಕ್ಕ ಟರ್ನೋವರ್ ಕೇಳುತ್ತೀರಿ, ಇಷ್ಟೇ ದೊಡ್ಡ ಕೆಲಸ ಮೊದಲೇ ಮಾಡಿರಬೇಕು ಅನ್ನುತ್ತೀರಿ. ನಿಮ್ಮ ಕಷ್ಟ ನನಗೆ ಗೊತ್ತು. ಒಂದು ಗುತ್ತಿಗೆ ಆದರೆ ಒಬ್ಬನನ್ನು ಹಿಡಿದರೆ ಸಾಕು, ಹತ್ತಾದರೆ ಹತ್ತು ಫೈಲು, ಹತ್ತು ತಕರಾರು, ಪಂಪಿನವನು ಪ್ಯಾನೆಲಿನವನ ಮೇಲೆ ಹಾಕುತ್ತಾನೆ, ಪ್ಯಾನೆಲಿನವನು ಕೇಬಲಿನವನ ಮೇಲೆ. ಆದರೆ ದಾರಿ ಇದೆ. ಒಂದೇ ಟೆಂಡರಿನಲ್ಲಿ ಕೆಲಸವನ್ನು ಬೇರೆ ಬೇರೆ ಭಾಗ, ಅಂದರೆ ಲಾಟ್ ಮಾಡಿ. ದೊಡ್ಡವನು ಎಲ್ಲ ಲಾಟಿಗೂ ಹಾಕಲಿ, ಒಟ್ಟಿಗೆ ಕೊಟ್ಟರೆ ರಿಯಾಯಿತಿ ಕೊಡಲಿ. ಸಣ್ಣವನು ತನ್ನ ಕೈಲಾಗುವ ಎರಡು ಲಾಟಿಗೆ ಹಾಕಲಿ. ಯಾವ ಜೋಡಣೆಯಲ್ಲಿ ಒಟ್ಟು ಖರ್ಚು ಕಡಿಮೆಯೋ ಅದನ್ನು ಆರಿಸಿ. ಇದು ನಿಯಮದಲ್ಲಿ ಇರುವ ವಿಧಾನವೇ, ಬಳಸುವವರು ಬೇಕು.

ಸ್ಪೆಸಿಫಿಕೇಶನ್ ಬಗ್ಗೆ ಎರಡೇ ಮಾತು. ಒಂದು ಕಂಪನಿಯ ಕ್ಯಾಟಲಾಗ್ ನೋಡಿ ಅಳತೆ ಬರೆಯಬೇಡಿ. ಪ್ಯಾನೆಲಿಗೆ ಐಇಸಿ 61439 ಅನ್ನುವ ಮಾನದಂಡ ಇದೆ, ಅದರ ಪರೀಕ್ಷೆ ಪಾಸಾಗಿದೆಯೇ ಅಂತ ಕೇಳಿ. ಪರೀಕ್ಷೆ ಇಂಥದ್ದೇ ದೇಶದ ಲ್ಯಾಬಿನಲ್ಲಿ ಆಗಿರಬೇಕು ಅಂತ ಬರೆಯಬೇಡಿ. ಲ್ಯಾಬುಗಳು ಒಬ್ಬರ ವರದಿಯನ್ನು ಒಬ್ಬರು ಒಪ್ಪುವ ಅಂತರರಾಷ್ಟ್ರೀಯ ಏರ್ಪಾಡು ಇರುವುದೇ ಇದಕ್ಕೆ.

ಸ್ಥಳೀಯವಾಗಿ ಮಾಡಿದ್ದರ ಬೆಲೆ ನಿಜವಾಗಿ ತಿಳಿಯುವುದು ಕೆಟ್ಟಾಗ. ಒಂದು ಪಂಪ್ ಹೌಸ್ ನೆನಪಾಗುತ್ತದೆ. ಹೊರಗಿನಿಂದ ಬಂದ ಒಳ್ಳೆಯ ಪಂಪು, ಅದರಲ್ಲಿ ಎರಡು ಮಾತಿಲ್ಲ. ಶಾಫ್ಟಿನ ಹತ್ತಿರ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಹೋಯಿತು. ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಅದರ ಅಳತೆ ಬೇರೆಯವರ ಸೀಲಿಗೆ ಹೊಂದುತ್ತಿರಲಿಲ್ಲ, ಕಂಪನಿಯ ಆಳು ಇಡೀ ದೇಶದಲ್ಲಿ ಇರಲಿಲ್ಲ. ಆಪರೇಟರ್ ಗಾಡಿಯ ಹಳೆಯ ಟ್ಯೂಬ್ ಕತ್ತರಿಸಿ ಕಟ್ಟಿದ್ದ, ಕೆಳಗೆ ಬಕೆಟ್ ಇಟ್ಟಿದ್ದ. ಸೀಲು ಬರುವುದರೊಳಗೆ ನೀರು ಬೇರಿಂಗಿಗೆ ಹೋಯಿತು, ಬೇರಿಂಗ್ ಹೋಯಿತು. ಪಂಪು ನಿಂತಿತು. ಸಾಲದ ಕಂತು ನಿಲ್ಲಲಿಲ್ಲ.

ಇದು ಒಂದು ಕಡೆಯ ಕತೆ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 16 ದೇಶಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ವೈದ್ಯಕೀಯ ಉಪಕರಣಗಳ ಪಟ್ಟಿ ನೋಡಿತು. ಸುಮಾರು ಶೇ 38ರಷ್ಟು ಕೆಲಸ ಮಾಡುತ್ತಿರಲಿಲ್ಲ. ತರಬೇತಿ ಇಲ್ಲ, ನಿರ್ವಹಣೆ ಇಲ್ಲ, ಮೂಲ ಸೌಕರ್ಯ ಸರಿ ಇಲ್ಲ, ಇವು ಮುಖ್ಯ ಕಾರಣಗಳು. ಇದಕ್ಕೆ ಎದುರಾಗಿ ಇಂಡಿಯಾ ಮಾರ್ಕ್ 2 ಕೈಪಂಪನ್ನು ನೋಡಿ. 1970ರ ದಶಕದಲ್ಲಿ ಯುನಿಸೆಫ್ ಬೆಂಬಲದಿಂದ ರೂಪುಗೊಂಡದ್ದು. ವಿನ್ಯಾಸ ಎಲ್ಲರಿಗೂ ಮುಕ್ತ. ಅನೇಕ ಕಾರ್ಖಾನೆಗಳು ಅದನ್ನೇ ಮಾಡಿದವು, ಗುಣಮಟ್ಟದ ತಪಾಸಣೆ ಕಟ್ಟುನಿಟ್ಟಾಗಿ ನಡೆಯಿತು, ಒಬ್ಬರ ಬಿಡಿಭಾಗ ಇನ್ನೊಬ್ಬರ ಪಂಪಿಗೆ ಹೊಂದುತ್ತಿತ್ತು. ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು. 1980ರ ದಶಕದಲ್ಲಿ ಆಫ್ರಿಕಾದಲ್ಲಿ ರೂಪುಗೊಂಡ ಆಫ್ರಿದೇವ್ ಪಂಪು ಒಂದು ಹೆಜ್ಜೆ ಮುಂದೆ ಹೋಗಿ, ಹಳ್ಳಿಯವರೇ ಬಿಚ್ಚಿ ಸರಿ ಮಾಡುವಂತೆ ಆಯಿತು. ಟೆಂಡರಿನಲ್ಲಿ ಈ ಗುಣಕ್ಕೆ ಅಂಕ ಕೊಡಿ. ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ, ರಿಪೇರಿಯವನು ಎಷ್ಟು ಗಂಟೆಯಲ್ಲಿ ಬರುತ್ತಾನೆ, ಹತ್ತು ವರ್ಷದ ಕರೆಂಟ್ ಬಿಲ್ ಎಷ್ಟು, ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿ. 2016ರಿಂದ ವಿಶ್ವಬ್ಯಾಂಕಿನ ಖರೀದಿ ನಿಯಮ ಹಣಕ್ಕೆ ತಕ್ಕ ಮೌಲ್ಯ ನೋಡಿ ಅನ್ನುತ್ತದೆ, ಬರೀ ಕಡಿಮೆ ಬೆಲೆ ನೋಡಿ ಅನ್ನುವುದಿಲ್ಲ. 2023ರಿಂದ ಹೆಚ್ಚಿನ ಅಂತರರಾಷ್ಟ್ರೀಯ ಟೆಂಡರುಗಳಲ್ಲಿ ಗುಣಕ್ಕೆ ಅಂಕ ಕೊಡುವುದು ಕಡ್ಡಾಯವೇ ಆಗಿದೆ. ಆ ಅಂಕಗಳನ್ನು ಬರೀ ಪುಸ್ತಕದಂಥ ಪ್ರಸ್ತಾವನೆಗೆ ಕೊಟ್ಟುಬಿಡಬೇಡಿ, ಸೀಲು ಸಿಗುವ ಅಂಗಡಿಗೂ ಕೊಡಿ.

ನನ್ನ ಮಾತಿಗೆ ಎದುರು ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಳಗೇ ಸಿಗುವ ಸಾಮಾನಿಗೆ ಡಾಲರ್ ಸಾಲ ಯಾಕೆ, ನಾಳೆ ಸ್ವಂತ ಹಣದ ಬೆಲೆ ಕುಸಿದರೆ ಕಂತು ಭಾರವಾಗುತ್ತದಲ್ಲ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆ ಅಪಾಯ ಸಾಮಾನು ಹೊರಗಿನಿಂದ ಬಂದರೂ ಇದ್ದೇ ಇದೆ. ವ್ಯತ್ಯಾಸ ಇಷ್ಟು, ಹೊರಗಿನಿಂದ ತಂದರೆ ಡಾಲರ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒಳಗೆ ಕೊಂಡರೆ ಆ ಡಾಲರ್‌ನಲ್ಲಿ ಒಂದು ಪಾಲಾದರೂ ದೇಶದಲ್ಲೇ ಉಳಿಯುತ್ತದೆ, ಸಪ್ಲೈಯರಿಗೆ ಅವನ ದೇಶದ ಹಣ ಸಿಗುತ್ತದೆ, ಅವನು ತೆರಿಗೆ ಕಟ್ಟುತ್ತಾನೆ, ಸಂಬಳ ಕೊಡುತ್ತಾನೆ. ಆದರೆ ಒಳಗಿನ ಹಣದಲ್ಲೇ ಸುಲಭವಾಗಿ ಆಗುವ ಕೆಲಸಕ್ಕೆ ಡಾಲರ್ ಸಾಲ ಮಾಡಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಇನ್ನೊಂದು ಅಪಾಯ ನಮ್ಮ ಕಡೆಯದ್ದೇ. ಸ್ಥಳೀಯ ಅಂತ ಹೇಳಿಕೊಂಡು ಹೊರಗಿನ ಪೆಟ್ಟಿಗೆ ತಂದು ಸ್ಟಿಕರ್ ಬದಲಿಸುವವರು ಇದ್ದಾರೆ. ಅವರನ್ನು ಎ ಗುಂಪಿಗೆ ಸೇರಿಸಬೇಡಿ. ಕಾರ್ಖಾನೆಗೆ ಬನ್ನಿ, ಹೇಳದೆ ಬನ್ನಿ. ತಗಡು ಬಗ್ಗಿಸುವ ಮಷೀನು ಎಲ್ಲಿದೆ, ವೈರಿಂಗ್ ಯಾರು ಮಾಡುತ್ತಾರೆ, ತಾಮ್ರದ ಬಿಲ್ ಎಲ್ಲಿ ಅಂತ ಕೇಳಿ. ಶೇ 30ರ ಲೆಕ್ಕ ಕಾಗದದಲ್ಲಿ ಬರೆದದ್ದನ್ನು ಹಾಗೇ ನಂಬಬೇಡಿ. ನಮ್ಮ ಸಾಮಾನು ಪರೀಕ್ಷೆಯಲ್ಲಿ ಫೇಲ್ ಆದರೆ ವಾಪಸ್ ಕಳಿಸಿ, ನಾವು ಸ್ಥಳೀಯರು ಅಂತ ಕನಿಕರ ತೋರಿಸಬೇಡಿ. ಕೆಟ್ಟ ಪ್ಯಾನೆಲ್ ಎಲ್ಲಿ ಮಾಡಿದ್ದಾದರೂ ಕೆಟ್ಟದ್ದೇ. ಮುಟ್ಟಿದ ಆಪರೇಟರಿಗೆ ಶಾಕ್ ಹೊಡೆಯುತ್ತದೆ.

ಎಲ್ಲವನ್ನೂ ಒಳಗೇ ಕೊಳ್ಳಿ ಅಂತಲೂ ನಾನು ಹೇಳುತ್ತಿಲ್ಲ. ಕೆಲವು ಯಂತ್ರ ಕೆಲವೇ ದೇಶಗಳಲ್ಲಿ ತಯಾರಾಗುತ್ತವೆ, ಅವನ್ನು ಅಲ್ಲಿಂದಲೇ ತರಿಸಬೇಕು. ಅಂಥ ಕಡೆ ತಂದವರು ಒಳಗಿನ ಹುಡುಗರಿಗೆ ಬಿಚ್ಚಿ ಜೋಡಿಸುವುದನ್ನು ಕಲಿಸಲಿ, ಡ್ರಾಯಿಂಗ್ ಕೊಡಲಿ, ಬಿಡಿಭಾಗಗಳ ಸ್ಟಾಕ್ ದೇಶದೊಳಗೇ ಇಡಲಿ ಅಂತ ಕರಾರಿನಲ್ಲಿ ಬರೆಯಿರಿ.

ಬಹುಶಃ ಈ ಪತ್ರ ಓದುವಾಗ ನಿಮ್ಮಲ್ಲಿ ಯಾರದಾದರೂ ಮೇಜಿನ ಮೇಲೆ ಒಂದು ಟೆಂಡರಿನ ಕರಡು ಇರಬಹುದು. ದಯವಿಟ್ಟು ಮೂರು ಪುಟ ತೆಗೆಯಿರಿ. ಲಾಟುಗಳ ಪಟ್ಟಿ, ದೇಶೀಯ ಆದ್ಯತೆಯ ಸಾಲು, ಪಾವತಿಯ ಷರತ್ತು. ಹಿಂದಿನ ಫೈಲಿನಿಂದ ಹಾಗೇ ಬಂದದ್ದು ಯಾವುದು, ನೀವು ಯೋಚಿಸಿ ಬರೆದದ್ದು ಯಾವುದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಪ್ರೀ-ಬಿಡ್ ಸಭೆ ಯಾವತ್ತು ಅಂತ ಪ್ರಕಟಿಸಿ, ನಾವು ಬರುತ್ತೇವೆ. ಈ ಸಲ ಗ್ಯಾರಂಟಿಯ ತಾರೀಕನ್ನು ಎರಡು ಸಲ ಎಣಿಸಿಕೊಂಡೇ ಬರುತ್ತೇವೆ.

ಇಂತಿ,
ಪ್ಯಾನೆಲ್ ಮಾಡುವವನೊಬ್ಬ